ಪಟ್ಟೆಯ ಮೇಲಿನ ಗುರಾಣಿ

ತೀರಿಸಬೇಕಾದ ಹಳೇ ಲೆಕ್ಕವೊಂದಿದೆ. ಟೆಡ್ ಕೇ ಸಂಪಾದಿಸಿದ ‘ಗುಡ್ ಫ್ಲ್ಯಾಗ್, ಬ್ಯಾಡ್ ಫ್ಲ್ಯಾಗ್’ ಎಂಬ ಅಮೆರಿಕದ ಕಿರುಹೊತ್ತಿಗೆ ಬಾವುಟದ ಮೇಲೆ ಅಕ್ಷರವೂ ಬೇಡ, ಮುದ್ರೆಯೂ ಬೇಡ ಎನ್ನುತ್ತದೆ. ಅಮೆರಿಕದ ಮಟ್ಟಿಗೆ ಈ ಮಾತು ಸರಿಯೇ. ಅಲ್ಲಿನ ನಗರಗಳ ಬಾವುಟಗಳ 2004ರ ಸಮೀಕ್ಷೆಯಲ್ಲಿ ಕಟ್ಟಕಡೆಗೆ ಬಿದ್ದ ಪೊಕಟೆಲ್ಲೊ ನಗರ 2017ರಲ್ಲಿ ಬಾವುಟವನ್ನೇ ಬದಲಿಸಿತು, ಒಳ್ಳೆಯದೇ ಆಯಿತು. ಆದರೆ ಅದೇ ಅಳತೆಗೋಲು ಹಿಡಿದು ಬಣ್ಣದ ಪಟ್ಟೆಗಳ ಮೇಲೆ ಊರಿನ ಲಾಂಛನದ ಗುರಾಣಿ ಹೊತ್ತ ಜರ್ಮನಿಯ ಸಣ್ಣ ಊರುಗಳ ಬಾವುಟಗಳನ್ನೂ ಅಳೆಯಲು ಹೊರಡುವುದು ಅಜ್ಞಾನ.

ಮುದ್ರೆ ಇರುವುದು ಕಾಗದಕ್ಕೆ, ಅಂಗೈ ಅಗಲದಲ್ಲಿಟ್ಟು ಓದುವುದಕ್ಕೆ. ಹಾಗಾಗಿ ಅದರಲ್ಲಿ ಬೆಟ್ಟ, ಸೂರ್ಯ, ನೇಗಿಲು, ಇಸವಿ ಎಲ್ಲಕ್ಕೂ ಜಾಗವುಂಟು. ಗುರಾಣಿಯ ಲಾಂಛನ ಹುಟ್ಟಿದ್ದೇ ದೂರದಿಂದ ಗುರುತು ಸಿಗಲೆಂದು. ಚಿನ್ನ-ಬೆಳ್ಳಿಗಳ ಮೇಲೆ ಬಣ್ಣ, ಬಣ್ಣದ ಮೇಲೆ ಚಿನ್ನ-ಬೆಳ್ಳಿ ಎಂಬ ಕಟ್ಟಳೆ ಇರುವುದೂ ಅದಕ್ಕೇ. ಎಬರ್ಸ್‌ಬರ್ಗ್‌ನ ಗುರಾಣಿಯಲ್ಲಿ ಬೆಟ್ಟ ಹತ್ತುವ ಕಾಡುಹಂದಿಯನ್ನು ಕಂಡವನಿಗೆ ಊರಿನ ಹೆಸರು ಬರೆದು ತೋರಿಸಬೇಕಿಲ್ಲ, ‘ಎಬರ್’ ಎಂದರೆ ಗಂಡುಹಂದಿಯೇ. ಬಾವುಟದ ಪಟ್ಟೆಗಳೂ ಸಾಮಾನ್ಯವಾಗಿ ಗುರಾಣಿಯಿಂದಲೇ ಇಳಿದು ಬಂದವು: ಆಕೃತಿಯ ಬಣ್ಣ ಮೇಲೆ, ಹಿನ್ನೆಲೆಯದು ಕೆಳಗೆ. ಬೆಳ್ಳಿಯ ಮೇಲೆ ಕಪ್ಪು ಹದ್ದಿದ್ದ ಪ್ರಷ್ಯಾಕ್ಕೆ ಕಪ್ಪು-ಬಿಳಿ ಬಂದದ್ದು ಹೀಗೆ. ಸಾಲದ್ದಕ್ಕೆ, ಅನೇಕ ಊರುಗಳಲ್ಲಿ ಬಾವುಟವನ್ನು ಉದ್ದಕ್ಕೆ ಇಳಿಬಿಡುತ್ತಾರೆ. ಗಾಳಿ ಬೀಸಲಿ ಬಿಡಲಿ, ಗುರಾಣಿ ಕಾಣುತ್ತದೆ.

ಎಲ್ಲ ಊರೂ ಕೆಂಪು-ಬಿಳಿ ಎಂದರೆ ಗುರುತಿಸುವುದು ಹೇಗೆ ಎನ್ನುವವರಿದ್ದಾರೆ. ಅದಕ್ಕೇ ಅಲ್ಲವೇ ಗುರಾಣಿ? ಅಲ್ಲದೆ ಈ ಹೋಲಿಕೆಗೂ ಅರ್ಥವಿದೆ. ಹಿಂದೆ ಮೈನ್ಸ್‌ನ ಆರ್ಚ್‌ಬಿಷಪ್ಪರು ಆಳಿದ ಎಷ್ಟೋ ಊರುಗಳು ಕೆಂಪಿನ ಮೇಲೆ ಬೆಳ್ಳಿಯ ಚಕ್ರವನ್ನು ಇಂದಿಗೂ ಹೊತ್ತಿವೆ. ಯಾರು ಯಾರ ಒಕ್ಕಲಾಗಿದ್ದರು ಎಂಬುದನ್ನು ಅಲ್ಲೇ ಓದಿಕೊಳ್ಳಬಹುದು. ಹಳೆಯದಕ್ಕೆ ಮಾತ್ರ ಇದು ಒಗ್ಗುತ್ತದೆ ಎಂಬ ಆಕ್ಷೇಪವೂ ನಿಲ್ಲದು. ಮ್ಯೂನಿಕ್ ಪಕ್ಕದ ಗಾರ್ಷಿಂಗ್, 1957ರಲ್ಲಿ ಶುರುವಾದ ತನ್ನ ಸಂಶೋಧನಾ ರಿಯಾಕ್ಟರಿನ ಮೊಟ್ಟೆಯಾಕಾರದ ಗುಮ್ಮಟವನ್ನೇ ಗುರಾಣಿಗೇರಿಸಿತು. ಒಪ್ಪವಾಗಿಯೇ ಕೂತಿದೆ. ಬ್ರೆಮೆನ್‌ನ ಕಾಫಿ ಹಾಗ್ ಕಂಪನಿಯ ಆಲ್ಬಮ್‌ಗಳಿಗೆ ಊರೂರ ಲಾಂಛನ ಬರೆದುಕೊಟ್ಟ ಒಟ್ಟೊ ಹುಪ್ (1859–1949) ಅಂಚೆಚೀಟಿಯಷ್ಟು ಜಾಗದಲ್ಲೂ ಒಂದು ಸಿಂಹವನ್ನು ನಿಚ್ಚಳವಾಗಿ ನಿಲ್ಲಿಸುತ್ತಿದ್ದ. ವ್ಯತ್ಯಾಸ ಇರುವುದು ಕೈಯಲ್ಲಿ, ಕಾಲದಲ್ಲಲ್ಲ.

ಟೀಕಿಸಲೇಬೇಕೆಂದಿದ್ದರೆ ಎಪ್ಪತ್ತರ ದಶಕದ ಕೂಸುಗಳಿವೆ. ಆಗಿನ ಆಡಳಿತ ಸುಧಾರಣೆಯಲ್ಲಿ ಬವೇರಿಯಾದ ಸುಮಾರು 7,000 ಸ್ಥಳೀಯ ಸಂಸ್ಥೆಗಳು 2,000ದ ಆಸುಪಾಸಿಗೆ ಇಳಿದವು. ಪಶ್ಚಿಮ ಜರ್ಮನಿಯ ಉಳಿದೆಡೆಯೂ ಹೀಗೇ ವಿಲೀನ ನಡೆಯಿತು. ಸೇರಿದ ಯಾವ ಹಳ್ಳಿಗೂ ಬೇಸರವಾಗಬಾರದೆಂದು ಒಂದೇ ಗುರಾಣಿಯಲ್ಲಿ ಚರ್ಚು, ತೆನೆ, ಹೊಳೆ, ಹಲ್ಲುಚಕ್ರ ತುರುಕಿದ ಕಡೆಗಳಲ್ಲಿ ಬಾವುಟ ಕೆಟ್ಟಿತು. ಅಂಥವನ್ನು ಟೆಡ್ ಕೇ ಶಿಷ್ಯರು ಎಷ್ಟು ಬೇಕಾದರೂ ಬೈಯಲಿ, ನನ್ನ ತಕರಾರಿಲ್ಲ.