ಮಕ್ಕಳ ಗ್ರಾಮಸಭೆ: ಉತ್ತರ ಹೇಳಬೇಕಾದವರು ಯಾರು?

ಶಾಲಾ ಸಂಸತ್ತಿನ ಚುನಾವಣೆ ಎಂದರೆ ಮಕ್ಕಳಿಗೆ ಹಬ್ಬ. ನಾಮಪತ್ರ, ಚಿಹ್ನೆ, ಪ್ರಚಾರ, ಬೆರಳಿಗೆ ಶಾಯಿ. ಮೊಬೈಲ್ ಆ್ಯಪನ್ನೇ ಮತಯಂತ್ರ ಮಾಡಿಕೊಂಡ ಶಾಲೆಗಳೂ ಇವೆ. ಪ್ರಮಾಣವಚನ ಮುಗಿದ ಮೇಲೆ ಆಹಾರ ಮಂತ್ರಿ ಬಿಸಿಯೂಟದ ತಟ್ಟೆ ಎಣಿಸುತ್ತಾನೆ, ಸ್ವಚ್ಛತಾ ಮಂತ್ರಿಯ ಕೈಗೆ ಪೊರಕೆ ಬರುತ್ತದೆ. ಮತ ಹಾಕುವುದನ್ನು ಈ ಸಂಸತ್ತು ಚೆನ್ನಾಗಿಯೇ ಕಲಿಸುತ್ತದೆ. ಗೆದ್ದವರನ್ನು ಪ್ರಶ್ನಿಸುವುದನ್ನು ಕಲಿಸುವುದಿಲ್ಲ. ವಿರೋಧ ಪಕ್ಷದ ನಾಯಕನೂ ಇರುತ್ತಾನೆ, ನಿಜ. ಆದರೆ ಅವನು ನಿಜವಾಗಿ ವಿರೋಧಿಸಬೇಕಾದದ್ದು ಹೆಡ್‌ಮಾಸ್ತರರನ್ನು!

ಇದಕ್ಕಿಂತ ಗಟ್ಟಿ ಪಾಠ ಕರ್ನಾಟಕದಲ್ಲೇ ಹುಟ್ಟಿದೆ. 1990ರ ದಶಕದಲ್ಲಿ ಕುಂದಾಪುರ ತಾಲ್ಲೂಕಿನ ಹಳ್ಳಿಗಳಲ್ಲಿ ‘ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ (ಸಿಡಬ್ಲ್ಯೂಸಿ) ಸಂಸ್ಥೆ, ದುಡಿಯುವ ಮಕ್ಕಳದೇ ಆದ ಭೀಮ ಸಂಘದೊಂದಿಗೆ ಸೇರಿ ಮಕ್ಕಳ ಪಂಚಾಯಿತಿ ಕಟ್ಟಿತು. ಮುಂದೆ ರಾಜ್ಯ ಸರ್ಕಾರವೇ ಪ್ರತಿ ಗ್ರಾಮ ಪಂಚಾಯಿತಿ, ಮಕ್ಕಳು ತಮ್ಮ ಬೇಡಿಕೆಗಳನ್ನು ನೇರವಾಗಿ ಮುಂದಿಡುವ ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ಸುತ್ತೋಲೆ ಹೊರಡಿಸಿತು.

ಶೌಚಾಲಯಕ್ಕೆ ನೀರು, ಕಾಂಪೌಂಡು, ಶಾಲೆಯ ಹೊತ್ತಿಗೆ ಬಸ್ಸು, ಗೇಟಿನೆದುರಿನ ಗುಟ್ಕಾ ಅಂಗಡಿ: ಮಕ್ಕಳ ಬೇಡಿಕೆಗಳು ಸಾಮಾನ್ಯವಾಗಿ ಇಂಥವು. ಒಂದೊಂದರ ಹಿಂದೆಯೂ ಒಂದು ಪಾಠವಿದೆ. ನೀರಿಗೆ ಪಂಚಾಯಿತಿ ಹೊಣೆ, ಬಸ್ಸಿಗೆ ಸಾರಿಗೆ ಡಿಪೊ, ಕಾಂಪೌಂಡಿಗೆ ಉದ್ಯೋಗ ಖಾತ್ರಿಯ ಹಣ ಬಳಸಿದ ಉದಾಹರಣೆಗಳಿವೆ. ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರುವಂತಿಲ್ಲ ಎಂದು 2003ರ ತಂಬಾಕು ನಿಯಂತ್ರಣ ಕಾಯ್ದೆಯೇ ಹೇಳುತ್ತದೆ. ಯಾವ ಅರ್ಜಿ ಯಾರ ಮೇಜಿಗೆ ಹೋಗಬೇಕೆಂಬುದು ಗೊತ್ತಾದ ಏಳನೇ ತರಗತಿಯ ಹುಡುಗಿಗೆ ಪೌರನೀತಿಯ ಅರ್ಧ ಪುಸ್ತಕ ಬಂದಂತೆಯೇ.

ಆದರೆ ಸಭೆಗಳು ಸೊರಗುವುದೂ ಉಂಟು. ಹಾರ, ಸ್ವಾಗತ, ಅತಿಥಿಗಳ ಉಪದೇಶಕ್ಕೇ ಹೊತ್ತು ಕಳೆದು, ಮೇಷ್ಟ್ರು ಬರೆದುಕೊಟ್ಟ ಚೀಟಿಯನ್ನು ಮಗು ಓದಿ ಕೂರುತ್ತದೆ. ‘ಪರಿಶೀಲಿಸುತ್ತೇವೆ’ ಎಂಬ ಮಾತು ನಡಾವಳಿಗೆ ಸೇರುತ್ತದೆ, ಫೋಟೊ ವಾಟ್ಸ್‌ಆ್ಯಪ್‌ಗೆ. 2023ರಿಂದ ಶಾಲೆಗಳಲ್ಲಿ ನಡೆಯುತ್ತಿರುವ ಸಂವಿಧಾನ ಪೀಠಿಕೆಯ ಓದಿಗೂ ಇದೇ ಅಪಾಯವಿದೆ: ಬಾಯಿಪಾಠಕ್ಕೆ ನಿಂತುಬಿಡುವುದು.

ದೊಡ್ಡವರ ಕಲಿಕೆಯೂ ಇಲ್ಲೇ ಸಾಧ್ಯ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕು. ಸಹಿ ಹಾಕುವುದನ್ನಷ್ಟೇ ಕಲಿತ ತಾಯಂದಿರಿಗೆ ಶಾಲೆಯ ಖರ್ಚಿನ ಪುಸ್ತಕಕ್ಕಿಂತ ಒಳ್ಳೆಯ ಪಠ್ಯ ಸಿಗಲಾರದು. ಅವರೇ ಮಕ್ಕಳ ಗ್ರಾಮಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕೂರಲಿ. ಸ್ವಾಗತ ಭಾಷಣಕ್ಕೂ ಮೊದಲು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಹೋದ ವರ್ಷದ ಬೇಡಿಕೆಗಳ ಅನುಪಾಲನಾ ವರದಿ ಓದಲಿ. ಆಗದ ಕೆಲಸಕ್ಕೆ ಕಾರಣವನ್ನೂ ಮಕ್ಕಳ ಮುಂದೆಯೇ ಹೇಳಲಿ.