ನಾಮಫಲಕದಲ್ಲಿ ಇಲ್ಲದ ಒಂದು ಪದ

‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’. ರಿಷಬ್ ಶೆಟ್ಟಿ ನಿರ್ದೇಶಿಸಿದ 2018ರ ಈ ಚಿತ್ರದ ಹೆಸರೇ ಒಂದು ಶಾಲೆಯ ನಾಮಫಲಕ. ಶಾಲೆ ಯಾರದು, ಎಲ್ಲಿಯವರೆಗೆ ಕಲಿಸುತ್ತಾರೆ, ಯಾವ ಊರು, ಯಾರ ದಾನ, ಎಲ್ಲವೂ ಅದರಲ್ಲಿದೆ. ಚಿತ್ರವಿಡೀ ಯಾವ ಪದಕ್ಕಾಗಿ ಹೋರಾಡುತ್ತದೋ ಆ ‘ಕನ್ನಡ’ ಮಾತ್ರ ಇಲ್ಲ. ಅತ್ಯುತ್ತಮ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆದ ಈ ಸಿನಿಮಾವನ್ನು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಕುಪವಾಡದಂಥ ಊರಿನಿಂದ ನೋಡಿದರೆ ಆ ಗೈರುಹಾಜರಿಯೇ ಮೊದಲು ಕಣ್ಣಿಗೆ ಬೀಳುತ್ತದೆ.

ಚಿತ್ರದ ದೊಡ್ಡ ಗೆಲುವು ಗಣಿತದ ತರಗತಿ. ಕೇರಳದಲ್ಲಿರುವ ಈ ಕನ್ನಡ ಶಾಲೆಗೆ ಮಲಯಾಳಿ ಮಾಸ್ತರರು ಬರುತ್ತಾರೆ, ಮಕ್ಕಳು ಕಣ್ಣು ಕಣ್ಣು ಬಿಡುತ್ತಾರೆ. ಅಂಕಿಗೆ ಭಾಷೆಯ ಹಂಗೇಕೆ ಎನ್ನುವವರು ಮಗ್ಗಿ ಹೇಳುವ ಮಗುವಿನ ಪಕ್ಕ ಕೂರಬೇಕು. ‘ಏಳೆಂಟ್ಲೆ ಐವತ್ತಾರು’ ಎಂದು ಬಾಯಿಪಾಠ ಮಾಡಿದ ಹುಡುಗಿಗೆ ಮರಾಠಿಯಲ್ಲಿ ‘ಸಾತ ಆಠೆ ಛಪ್ಪನ್ನ’ ಎಂದರೆ ಲೆಕ್ಕ ನಿಂತೇ ಹೋಗುತ್ತದೆ. ತಪ್ಪು ಅವಳ ಬುದ್ಧಿಯದಲ್ಲ. ಆದರೂ ದಡ್ಡಿ ಎಂಬ ಹೆಸರು ಅವಳಿಗೇ ಅಂಟುತ್ತದೆ. ಈ ಅನ್ಯಾಯವನ್ನು ಚಿತ್ರ ನಗಿಸುತ್ತಲೇ ಮನಸ್ಸಿಗೆ ನಾಟಿಸುತ್ತದೆ.

ಇದು ಕಾಸರಗೋಡಿನ ಕಥೆ ಮಾತ್ರವಲ್ಲ. 2024ರಲ್ಲಿ ನಮ್ಮ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಕನ್ನಡ ಶಾಲೆಗಳಿಗೆ ಮರಾಠಿ ಮಾಧ್ಯಮದ ಶಿಕ್ಷಕರನ್ನು ನೇಮಿಸಿದಾಗ ಗಡಿಯ ಎರಡೂ ಕಡೆ ವಿರೋಧ ಎದ್ದಿತು. ಪುಸ್ತಕಗಳಿಗೇನೂ ಬರವಿಲ್ಲ, ಪುಣೆಯ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿ ಕನ್ನಡದಲ್ಲೂ ಅಚ್ಚು ಹಾಕುತ್ತದೆ. ಆ ಪುಸ್ತಕವನ್ನು ತೆರೆದು ಕನ್ನಡದಲ್ಲಿ ಬಿಡಿಸಿ ಹೇಳುವ ಮಾಸ್ತರರು ಬೇಕು.

ಚಿತ್ರ ಎಡವುವುದು ದ್ವಿತೀಯಾರ್ಧದಲ್ಲಿ. ಮೈಸೂರಿನಿಂದ ಅನಂತನಾಗ್ ಅವರ ಪಾತ್ರ ಬಂದು ನ್ಯಾಯಾಲಯದಲ್ಲಿ ವಾದಿಸಿ ಶಾಲೆಯನ್ನು ಉಳಿಸುತ್ತದೆ. ಚಪ್ಪಾಳೆ ಬೀಳುತ್ತದೆ. ಆದರೆ ಅಧಿಕಾರಿಯನ್ನು ಹಾಸ್ಯದ ಖಳನನ್ನಾಗಿ ಮಾಡಿದ್ದರಿಂದ, ಒಂದು ನೇಮಕಾತಿ ಆದೇಶ ಸದ್ದಿಲ್ಲದೆ ಶಾಲೆಯ ಗುರುತನ್ನೇ ಬದಲಿಸುವ ಬಗೆ ಮರೆಯಾಗುತ್ತದೆ. ಹೊರಗಿನ ರಕ್ಷಕನೊಬ್ಬ ಬಂದಮೇಲೆ ಊರಿನ ತಂದೆತಾಯಂದಿರೂ ಹಿಂದೆ ಸರಿಯುತ್ತಾರೆ.

ಮುಖ್ಯವಾದ ಇನ್ನೊಂದು ಪ್ರಶ್ನೆಯನ್ನು ಚಿತ್ರ ಕೇಳುವುದೇ ಇಲ್ಲ: ಹಿರಿಯ ಪ್ರಾಥಮಿಕ ಮುಗಿದ ಮೇಲೆ? 1956ರ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 350ಎ ವಿಧಿ ಮಾತೃಭಾಷೆಯ ಕಲಿಕೆಯ ಮಾತು ಆಡುವುದು ಪ್ರಾಥಮಿಕ ಹಂತಕ್ಕಷ್ಟೇ. ಪ್ರೌಢಶಾಲೆ ಅದರ ಆಚೆ ಉಳಿಯಿತು. 1998ರಲ್ಲಿ ಸಾಂಗಲಿ, ಮಿರಜಗಳ ಜೊತೆ ಮಹಾನಗರಪಾಲಿಕೆಗೆ ಸೇರಿದ ಕುಪವಾಡ ಕಾರ್ಖಾನೆಗಳ ಊರು. ಇಂಥ ಊರಿಗೆ ದುಡಿಯಲು ಬಂದ ಕನ್ನಡದ ಮನೆಗೆ ಈ ಪ್ರಶ್ನೆ ಬರುವುದು ಮಗ ಎಂಟನೆಯ ಇಯತ್ತೆಗೆ ಕಾಲಿಡುವಾಗ. ಮಹಾರಾಷ್ಟ್ರ 2020ರ ಕಾಯ್ದೆಯಿಂದ ಹತ್ತನೆಯವರೆಗೆ ಮರಾಠಿಯನ್ನು ಕಡ್ಡಾಯ ಮಾಡಿದೆ. ಅದನ್ನು ನಾನು ವಿರೋಧಿಸುವುದಿಲ್ಲ, ಇಲ್ಲಿ ಬದುಕುವ ಮಗುವಿಗೆ ಮರಾಠಿ ಬೇಕೇ ಬೇಕು. ಅದು ಒಂದು ವಿಷಯವಾಗಿ ಬರಲಿ, ಗಣಿತ-ವಿಜ್ಞಾನದ ಬಾಯಿ ಕಟ್ಟದಿರಲಿ.

ಈ ನೆಲಕ್ಕೆ ಕನ್ನಡದ ಉನ್ನತ ಕಲಿಕೆ ಹೊಸತಲ್ಲ. 1919ರಲ್ಲಿ ಆರಂಭವಾದ ಸಾಂಗಲಿಯ ವಿಲಿಂಗ್ಡನ್ ಕಾಲೇಜಿನಲ್ಲಿ ವಿ. ಕೃ. ಗೋಕಾಕರು ಪ್ರಾಂಶುಪಾಲರಾಗಿದ್ದರು, ರಂ. ಶ್ರೀ. ಮುಗಳಿಯವರು ಕನ್ನಡ ಕಲಿಸಿದರು. ಮೇಲಿನ ಮೆಟ್ಟಿಲು ಅಷ್ಟು ಗಟ್ಟಿಯಾಗಿದ್ದ ಕಡೆ ನಡುವಿನ ಮೆಟ್ಟಿಲು ಮುರಿಯಲು ಬಿಡುವುದು ನಮಗೆ ಶೋಭೆಯಲ್ಲ.

ಚಿತ್ರವನ್ನು ಮಕ್ಕಳೊಂದಿಗೆ ನೋಡಿ. ಅದು ಪ್ರಾಮಾಣಿಕ, ಆದರೆ ಅರ್ಧ ದಾರಿಯ ಚಿತ್ರ. ಉಳಿದರ್ಧ ನಮ್ಮ ಪಾಲಿನದು. ಬರುವ ಜೂನ್‌ನಲ್ಲಿ ಮಗುವಿನ ಹೆಸರು ಹಚ್ಚಲು ಹೋದಾಗ, ಗಣಿತದ ಮಾಸ್ತರರು ಯಾವ ಭಾಷೆಯಲ್ಲಿ ಕಲಿಸುತ್ತಾರೆಂದು ಕೇಳಿ. ಶಾಲೆಯ ನಿಜವಾದ ಹೆಸರು ಆ ಉತ್ತರದಲ್ಲಿದೆ.