ಡೆಕ್ ಒಳಗೆ ನೀರು ಬಂದದ್ದೆಲ್ಲಿಂದ?

ಮುಂಗಾರು ಹಿಡಿದ ವಾರದಲ್ಲಿ ಮೂಡಿಗೆರೆ, ಸಕಲೇಶಪುರ, ಸೋಮವಾರಪೇಟೆ ಕಡೆಯ ಪಿಕಪ್ ಮಾಲೀಕರಿಂದ ಈ ಅಂಕಣಕ್ಕೆ ಬರುವ ದೂರು ಒಂದೇ: ‘ಇಷ್ಟು ದುಡ್ಡು ಕೊಟ್ಟು ಡೆಕ್ ಮುಚ್ಚುವ ಟಾನೋ ಕವರ್ ಹಾಕಿಸಿದೆವು, ಒಳಗೆ ನೀರು ನಿಂತಿದೆ.’ ಯೂರಿಯಾ ಮೂಟೆ ತೇವ ಹೀರಿ ಗಟ್ಟಿಯಾಗಿರುತ್ತದೆ, ಸಿಮೆಂಟಿನ ತಳ ಕಲ್ಲಾಗಿರುತ್ತದೆ, ಊರಿಗೆ ಹೊರಟವರ ಸೂಟ್‌ಕೇಸು ನೆನೆದಿರುತ್ತದೆ. ಸಿಟ್ಟು ಬರುವುದು ಸಹಜ. ಆದರೆ ಸಿಟ್ಟಿನಲ್ಲೇ ಸಿಲಿಕಾನ್ ಗನ್ ಹಿಡಿದು ಕಂಡಕಂಡ ಸಂದಿಗೆಲ್ಲ ಮೆತ್ತುವವರನ್ನು ನೋಡಿದಾಗ ನನಗೆ ಗಾಡಿಯ ಮೇಲೇ ಮರುಕ ಬರುತ್ತದೆ.

ಪಿಕಪ್ಪಿನ ಡೆಕ್ ನೀರನ್ನು ಒಳಗೆ ಬಿಡದ ಹಾಗೆ ಮಾಡಿದ್ದಲ್ಲ, ಬಿದ್ದ ನೀರು ಬೇಗ ಹೊರಗೆ ಹೋಗುವ ಹಾಗೆ ಮಾಡಿದ್ದು. ಫೋರ್ಡ್ ಕಂಪನಿ 1925ರಲ್ಲಿ ಮಾಡೆಲ್ ಟಿ ಗಾಡಿಗೆ ಕಾರ್ಖಾನೆಯಲ್ಲೇ ಪಿಕಪ್ ಬಾಡಿ ಕೂರಿಸಿ 281 ಡಾಲರಿಗೆ ಮಾರಿತು. ಅಂದಿನಿಂದ ಇಂದಿನವರೆಗೂ ಡೆಕ್ ಎಂದರೆ ಮೇಲೆ ತೆರೆದಿರುವ ಪೆಟ್ಟಿಗೆಯೇ. ನಮ್ಮಲ್ಲಿ 2016ರಲ್ಲಿ ಬಂದ ಇಸುಜು ವಿ-ಕ್ರಾಸ್ ಆಗಲಿ, 2022ರಲ್ಲಿ ಬಂದ ಟೊಯೊಟಾ ಹೈಲಕ್ಸ್ ಆಗಲಿ ಇದಕ್ಕೆ ಹೊರತಲ್ಲ. ನೆಲದ ತಗಡಿಗೆ ಉದ್ದಕ್ಕೂ ಏಣು, ಮೂಲೆಗಳಲ್ಲಿ ನೀರು ಇಳಿಯುವ ತೂತು, ಟೇಲ್‌ಗೇಟಿನ ಮೂರು ಕಡೆ ಬೆರಳು ತೂರುವಷ್ಟು ಸಂದಿ. ಇವೆಲ್ಲ ಬೇಕೆಂದೇ ಬಿಟ್ಟವು. ಅಂಥ ಪೆಟ್ಟಿಗೆಯ ಮೇಲೆ ಆಮೇಲೆ ತಂದು ಕೂರಿಸಿದ ಕವರ್ ಶೇಕಡಾ ನೂರು ನೀರು ತಡೆಯಬೇಕು ಎಂದರೆ ಹೇಗೆ? ಕವರ್ ತಯಾರಿಸುವ ಹೆಚ್ಚಿನ ಕಂಪನಿಗಳು ತಮ್ಮ ಕೈಪಿಡಿಯಲ್ಲಿ ‘ನೀರನ್ನು ತಕ್ಕಮಟ್ಟಿಗೆ ತಡೆಯುತ್ತದೆ’ ಎನ್ನುತ್ತವೆಯೇ ಹೊರತು ‘ಒಂದು ಹನಿಯೂ ಬಾರದು’ ಎನ್ನುವುದಿಲ್ಲ. ಆ ಮಾತನ್ನು ಅಂಗಡಿಯವರು ನಮಗೆ ಹೇಳುವುದಿಲ್ಲ, ಅಷ್ಟೆ.

ಸ್ವಲ್ಪ ಲೆಕ್ಕ ಹಾಕೋಣ. ಡಬಲ್ ಕ್ಯಾಬ್ ಗಾಡಿಯ ಡೆಕ್ ಸುಮಾರು ಒಂದೂವರೆ ಮೀಟರ್ ಉದ್ದ, ಅಷ್ಟೇ ಅಗಲ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ದಿನಕ್ಕೆ 100 ಮಿ.ಮೀ. ಮಳೆಯಾದರೆ ಆ ಕವರಿನ ಮೇಲೆ ಬೀಳುವುದು 225 ಲೀಟರ್. ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಮೀರಿ ಸುರಿಯುವ ಆಗುಂಬೆಯಲ್ಲಿ ಜುಲೈ ತಿಂಗಳ ಅಂಥ ದಿನ ಯಾರಿಗೂ ವಿಶೇಷವಲ್ಲ. ಇಷ್ಟು ನೀರಿನಲ್ಲಿ ಒಂದು ಲೋಟ ಒಳಗೆ ಬಂದರೆ ಕವರ್ ಚೆನ್ನಾಗಿದೆ ಎಂದೇ ನನ್ನ ಲೆಕ್ಕ. ಒಂದು ಬಕೆಟ್ ಬಂದರೆ ಮಾತ್ರ ಕೈ ಹಾಕಬೇಕು.

ಕೈ ಹಾಕುವ ಮೊದಲು ಹುಡುಕಬೇಕು. ಹಂಚಿನ ಮನೆಯಲ್ಲಿ ಬೆಳೆದವರಿಗೆ ಇದು ಗೊತ್ತು: ಹನಿ ಬೀಳುವುದು ನಡುಮನೆಯಲ್ಲಿ, ಒಡೆದ ಹಂಚು ಇರುವುದು ನಾಲ್ಕು ರೀಪು ಮೇಲೆ. ಡೆಕ್ಕಿನ ಕಥೆಯೂ ಹೀಗೇ. ಕ್ಯಾಬಿನ್ ಪಕ್ಕದ ಮೂಲೆಯಲ್ಲಿ ಒಳಗಿಳಿದ ನೀರು ಪಕ್ಕದ ರೇಲಿನ ಅಡಿಯಲ್ಲೇ ಹರಿದು ಟೇಲ್‌ಗೇಟಿನ ಬಳಿ ಹನಿಯುತ್ತದೆ. ನಾವು ಟೇಲ್‌ಗೇಟನ್ನು ಬೈಯುತ್ತೇವೆ.

ಡೆಕ್ಕನ್ನು ಪೂರ್ತಿ ಒರೆಸಿ ಒಣಗಿಸಿ, ನೆಲಕ್ಕೆ ಹಳೆಯ ಪೇಪರ್ ಹಾಸಿ. ಒಳಗಿನ ಅಂಚುಗಳಿಗೆ ಸೀಮೆಸುಣ್ಣದ ಪುಡಿ ಸವರಿ. ಕವರ್ ಮುಚ್ಚಿ, ತೋಟಕ್ಕೆ ನೀರು ಬಿಡುವ ಮಾಮೂಲಿ ಪೈಪಿನಿಂದ ನಿಧಾನವಾಗಿ ನೀರು ಬಿಡಿ. ವಾಟರ್ ಸರ್ವೀಸಿನ ಪ್ರೆಶರ್ ಗನ್ ಬೇಡ. ಅದರ ರಭಸಕ್ಕೆ ಒಳ್ಳೆಯ ಬೀಡಿಂಗ್ ಕೂಡ ಬಾಯಿ ಬಿಡುತ್ತದೆ, ಇಲ್ಲದ ಸೋರಿಕೆ ಕಾಣುತ್ತದೆ. ಮೊದಲು ಕೆಳಗೆ, ಟೇಲ್‌ಗೇಟಿಗೆ. ಆಮೇಲೆ ಎರಡು ಪಕ್ಕ. ಕೊನೆಗೆ ಕ್ಯಾಬಿನ್ ಕಡೆಯ ಅಂಚು. ಒಂದೊಂದು ಕಡೆಯೂ ಐದು ನಿಮಿಷ, ನಡುವೆ ತೆರೆದು ನೋಡುವುದು. ಒಟ್ಟಿಗೆ ಎಲ್ಲ ಕಡೆ ಸುರಿದರೆ ಯಾವುದೂ ತಿಳಿಯದು. ಒಳಗೆ ಮನುಷ್ಯರನ್ನು ಕೂರಿಸಿ ಬಾಗಿಲು ಹಾಕುವ ರೂಢಿ ಕೆಲವು ವರ್ಕ್‌ಶಾಪುಗಳಲ್ಲಿದೆ, ಅದು ಬೇಡ. ಫೋನಿನ ಟಾರ್ಚ್ ಹಚ್ಚಿ ವಿಡಿಯೊ ಮಾಡಲು ಇಟ್ಟರೆ ಸಾಕು. ಇನ್ನೊಂದು ಉಪಾಯವೂ ಉಂಟು: ರಾತ್ರಿ ಡೆಕ್ ಒಳಗೆ ದೊಡ್ಡ ಟಾರ್ಚ್ ಇಟ್ಟು ಹೊರಗಿನಿಂದ ಸುತ್ತು ಬನ್ನಿ. ಬೆಳಕು ಎಲ್ಲಿಂದ ಹೊರಬರುತ್ತದೋ ಅಲ್ಲಿಂದ ನೀರೂ ಒಳಹೋಗಬಹುದು.

ಇಷ್ಟು ಮಾಡಿಯೂ ಒಳಗೆ ಒಂದು ಹನಿ ಕಾಣದೆ, ಮರುದಿನ ಮತ್ತೆ ಕವರಿನ ಒಳಮೈ ತೊಯ್ದಿದ್ದರೆ ಅದು ಸೋರಿಕೆಯೇ ಅಲ್ಲ. ಹಸಿ ಮೆಣಸೋ, ಸರಿಯಾಗಿ ಒಣಗದ ಕಾಫಿಯೋ ಮುಚ್ಚಿದ ಡೆಕ್ಕಿನಲ್ಲಿ ರಾತ್ರಿ ಕಳೆದರೆ ಅದರ ಆವಿ ತಣ್ಣನೆಯ ಅಲ್ಯೂಮಿನಿಯಂ ಹಲಗೆಗೆ ತಾಗಿ ಹನಿಗಟ್ಟುತ್ತದೆ. ಒಣಗಿಸಿದ ಕಾಫಿಯಲ್ಲಿ ತೇವಾಂಶ ಶೇಕಡಾ 10-11ಕ್ಕೆ ಇಳಿದಿರಬೇಕು. ಅದಕ್ಕಿಂತ ಹೆಚ್ಚಿರುವ ಮಾಲು ತುಂಬಿ ಕವರನ್ನು ದೂರಿದರೆ ಪ್ರಯೋಜನವಿಲ್ಲ. ಇಲ್ಲಿ ಮದ್ದು ಸೀಲ್ ಅಲ್ಲ, ಗಾಳಿ.

ಇನ್ನು ನಿಜವಾದ ಸೋರಿಕೆ. ನಾನು ಮೊದಲು ನೋಡುವುದು ಪ್ಲಾಸ್ಟಿಕ್ ಲೈನರನ್ನು. ಗೀರು ಬೀಳದಿರಲೆಂದು ಡೆಕ್ ಒಳಗೆ ಕೂರಿಸುವ ಲೈನರಿನ ಅಂಚು ಕೆಲವು ಗಾಡಿಗಳಲ್ಲಿ ಪಕ್ಕದ ತಗಡಿನ ಮೇಲೂ ಹೊದ್ದಿರುತ್ತದೆ. ಕವರಿನ ರೇಲನ್ನು ಅದರ ಮೇಲೇ ಕ್ಲ್ಯಾಂಪ್ ಮಾಡಿದರೆ ಮೇಲೆ ಎಷ್ಟು ಬೀಡಿಂಗ್ ಹಾಕಿದರೂ ನೀರು ಲೈನರಿಗೂ ತಗಡಿಗೂ ನಡುವೆ ನುಸುಳುತ್ತದೆ. ಕ್ಲ್ಯಾಂಪ್ ಬರುವ ಕಡೆ ಲೈನರನ್ನು ಕತ್ತರಿಸಿ, ರೇಲ್ ನೇರ ತಗಡಿನ ಮೇಲೆ ಕೂರುವಂತೆ ಮಾಡಬೇಕು. ಕತ್ತರಿಸಲು ಮನಸ್ಸಿಲ್ಲದಿದ್ದರೆ ಲೈನರಿನ ಅಂಚಿನ ಕೆಳಗೆ ಬ್ಯೂಟೈಲ್ ಟೇಪ್ ಓಡಿಸಬೇಕು. ಬ್ಯೂಟೈಲ್ ಎಂದಿಗೂ ಗಟ್ಟಿಯಾಗದ ಅಂಟು. ಗಾಡಿ ಕುಲುಕಿದಂತೆ ತಾನೂ ಜಗ್ಗುತ್ತದೆ.

ಎರಡನೆಯದು ಮುಂದಿನ ಎರಡು ಮೂಲೆ, ಪಕ್ಕದ ರೇಲ್ ಬಂದು ಕ್ಯಾಬಿನ್ ಕಡೆಯ ಗೋಡೆಗೆ ಸೇರುವ ಜಾಗ. ಕಂಪನಿಯವರು ಅಲ್ಲಿಗೆಂದು ಪುಟ್ಟ ಸ್ಪಂಜಿನ ತುಂಡು ಕೊಟ್ಟಿರುತ್ತಾರೆ. ಫಿಟ್ ಮಾಡುವ ಹುಡುಗರು ಅದನ್ನು ಪ್ಯಾಕಿಂಗ್ ಎಂದುಕೊಂಡು ಎಸೆಯುವುದೂ ಉಂಟು. ರೇಲ್ ಕೂರಿಸುವಾಗ ಎರಡೂ ಕರ್ಣಗಳನ್ನು ಟೇಪಿನಿಂದ ಅಳೆದು ಸಮ ಮಾಡಿಕೊಳ್ಳದಿದ್ದರೆ ಕವರ್ ಸೊಟ್ಟಗೆ ಕೂತು ಒಂದು ಮೂಲೆಯಲ್ಲಿ ಬೀಡಿಂಗ್ ಒತ್ತುತ್ತದೆ, ಇನ್ನೊಂದರಲ್ಲಿ ಗಾಳಿಯಲ್ಲೇ ಇರುತ್ತದೆ. ಕ್ಲ್ಯಾಂಪ್ ನಟ್ಟುಗಳನ್ನು ಜೀವ ಬಿಟ್ಟು ಬಿಗಿದರೂ ರೇಲ್ ತಿರುಚಿಕೊಂಡು ಇದೇ ಫಲ.

ಟೇಲ್‌ಗೇಟಿಗೆ ಎರಡು ಪಕ್ಕ ಮತ್ತು ತಳಕ್ಕೆ ರಬ್ಬರ್ ಬೀಡಿಂಗ್ ಹಾಕಿಸಬೇಕು. ಇದು ಮಳೆಗಿಂತ ಹೆಚ್ಚಾಗಿ ಬೇಸಿಗೆಯ ಧೂಳಿಗೆ ಉಪಕಾರಿ. ಓಡುವ ಗಾಡಿಯ ಬೆನ್ನಿಗೆ ಸುತ್ತುವ ಗಾಳಿ ಧೂಳನ್ನೂ ಚಕ್ರದ ತುಂತುರನ್ನೂ ಆ ಸಂದಿಗಳಲ್ಲಿ ಒಳಕ್ಕೆ ನೂಕುತ್ತದೆ. ಆದರೆ ನೆಲದ ಮೂಲೆಯ ತೂತುಗಳನ್ನು ಮಾತ್ರ ಮುಚ್ಚಬೇಡಿ. ಒಳಗೆ ಬಂದ ಆ ಒಂದು ಲೋಟ ನೀರಿಗೆ ಹೋಗಲು ಇರುವ ದಾರಿ ಅದೊಂದೇ.

ಶಟರಿನಂತೆ ಸುರುಳಿ ಸುತ್ತುವ ಕವರ್ ಇದ್ದವರ ಪಾಡು ಬೇರೆ. ಅದರಲ್ಲಿ ಪಟ್ಟಿಗಳ ಸಂದಿಯಿಂದ ನೀರು ಇಳಿಯುವುದು ವಿನ್ಯಾಸದಲ್ಲೇ ಇದೆ. ಇಳಿದ ನೀರು ಮುಂದಿನ ಡಬ್ಬಿಯಲ್ಲಿ ಸೇರಿ, ಎರಡು ಸಣ್ಣ ಕೊಳವೆಗಳ ಮೂಲಕ ಗಾಡಿಯ ಅಡಿಗೆ ಹೋಗಬೇಕು. ನಮ್ಮ ತೋಟಗಳಲ್ಲಿ ಸಿಲ್ವರ್ ಓಕಿನ ಎಲೆ, ಕೆಂಪು ಧೂಳು ಸೇರಿ ಆ ಕೊಳವೆ ಕಟ್ಟಿಕೊಳ್ಳುತ್ತದೆ, ಡಬ್ಬಿ ತುಂಬಿ ಒಳಕ್ಕೆ ಚೆಲ್ಲುತ್ತದೆ. ‘ಸೀಲ್ ಹೋಗಿದೆ’ ಎಂದು ಇಡೀ ಕವರ್ ಬದಲಿಸಲು ಹೊರಡುವ ಮೊದಲು ಕೊಳವೆಯಲ್ಲಿ ಒಂದು ಲೋಟ ನೀರು ಬಿಟ್ಟು ಕೆಳಗೆ ಬರುತ್ತದೆಯೇ ನೋಡಿ. ಬಾರದಿದ್ದರೆ ಕಳೆ ಹೊಡೆಯುವ ಬ್ರಷ್ ಕಟರಿನ ನೈಲಾನ್ ದಾರವನ್ನು ಮೆಲ್ಲಗೆ ಆಡಿಸಿ. ಕಬ್ಬಿಣದ ತಂತಿ ಕೊಳವೆಯನ್ನು ತೂತು ಮಾಡುತ್ತದೆ. ಕಂಪ್ರೆಸರ್ ಗಾಳಿ ಅದನ್ನು ಬುಡದಿಂದಲೇ ಕಿತ್ತುಬಿಡುತ್ತದೆ. ಕೊಳವೆ ಹಾಯಿಸಲು ತಗಡಿಗೆ ತೂತು ಕೊರೆಸಿದ್ದರೆ ಅದರ ಅಂಚಿಗೆ ಪ್ರೈಮರ್ ಬಿದ್ದಿದೆಯೇ ಎಂದೂ ಬಗ್ಗಿ ನೋಡಿ.

ಬೀಡಿಂಗ್ ಕೊಳ್ಳುವಾಗ ಇಪಿಡಿಎಂ ರಬ್ಬರ್ ಎಂದೇ ಕೇಳಿ. ಬಿಸಿಲಿಗೂ ಓಜೋನಿಗೂ ಜಗ್ಗದ ರಬ್ಬರ್ ಅದು. ಅಗ್ಗದ ಸ್ಪಂಜ್ ಪಟ್ಟಿ ನೀರನ್ನು ತಡೆಯುವ ಬದಲು ಕುಡಿಯುತ್ತದೆ. ಇಪಿಡಿಎಂಗೆ ಶತ್ರು ಎಣ್ಣೆ. ಡೀಸೆಲಿನಲ್ಲಿ ಒರೆಸಿದರೆ, ಮಾಮೂಲಿ ಗ್ರೀಸ್ ಸವರಿದರೆ ಉಬ್ಬಿ ಆಕಾರ ಕೆಡುತ್ತದೆ. ಮೆದುವಾಗಿಡಲು ಸಿಲಿಕಾನ್ ಗ್ರೀಸ್ ಒಂದೇ ಸರಿ. ಅಂಟಿಸುವ ಜಾಗವನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಒಣಗಿದ ಮೇಲೆ ಹೆಬ್ಬೆರಳಿನಿಂದ ಉದ್ದಕ್ಕೂ ಒತ್ತಬೇಕು. ಒಳ್ಳೆಯ ಅಕ್ರಿಲಿಕ್ ಟೇಪಿಗೆ ಪೂರ್ತಿ ಹಿಡಿತ ಬರಲು ಸುಮಾರು 72 ಗಂಟೆ ಬೇಕು. ಆದ್ದರಿಂದ ಈ ಕೆಲಸಕ್ಕೆ ಏಪ್ರಿಲ್, ಮೇ ತಿಂಗಳೇ ಸೈ. ಜುಲೈಯ ತೇವದಲ್ಲಿ ಅಂಟಿಸಿದ್ದು ಆಗಸ್ಟಿನಲ್ಲಿ ಕೈಗೆ ಬರುತ್ತದೆ.

ಸಿಲಿಕಾನ್ ಬಗ್ಗೆ ನನ್ನ ತಕರಾರನ್ನು ಪೂರ್ತಿ ಹೇಳಿಬಿಡುತ್ತೇನೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ, ವಿನೆಗರ್ ವಾಸನೆ ಬರುವ ಬಗೆ ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ. ಬಣ್ಣ ಕಿತ್ತ ತಗಡಿಗೆ ಅದು ತಗುಲಿದರೆ ತುಕ್ಕು ಅಲ್ಲಿಂದಲೇ ಶುರು. ಅದಕ್ಕಿಂತ ದೊಡ್ಡ ಕೆಡುಕೆಂದರೆ, ಒಮ್ಮೆ ಸಿಲಿಕಾನ್ ಬಿದ್ದ ಜಾಗದಲ್ಲಿ ಮುಂದೆ ಬಣ್ಣವಾಗಲಿ ಟೇಪಾಗಲಿ ಸುಲಭಕ್ಕೆ ಹಿಡಿಯುವುದಿಲ್ಲ. ಅಂದರೆ ಮುಂದಿನ ರಿಪೇರಿಯ ಬಾಗಿಲನ್ನೇ ನಾವು ಮುಚ್ಚಿದಂತೆ. ಅಲುಗಾಡದ ಬೋಲ್ಟಿನ ತಲೆಗೆ, ಖಾಯಂ ಸಂದಿಗೆ ನ್ಯೂಟ್ರಲ್ ಕ್ಯೂರ್ ಸಿಲಿಕಾನ್ ಹಾಕಿಸಿ, ಬೇಡವೆನ್ನುವುದಿಲ್ಲ. ತೆರೆದು ಮುಚ್ಚುವ ಯಾವ ಜಾಗಕ್ಕೂ ಬೇಡ.

ಬೊಲೆರೊ ಪಿಕಪ್ಪಿಗೆ ಟಾರ್ಪಾಲು ಕಟ್ಟಿ ಘಾಟಿ ಇಳಿಯುವ ಡ್ರೈವರುಗಳು ನಡುವೆ ಕಂಬಿ ಕೊಟ್ಟು ಟಾರ್ಪಾಲನ್ನು ಎತ್ತರಿಸಿ ಎರಡು ಕಡೆಗೆ ಇಳಿಜಾರು ಮಾಡುತ್ತಾರೆ. ನೀರು ನಿಂತರೆ ತಾನೆ ದಾರಿ ಹುಡುಕುವುದು? ಮೆತ್ತನೆಯ ವಿನೈಲ್ ಕವರ್ ಇದ್ದವರು ಇದನ್ನು ಅವರಿಂದ ಕಲಿಯಬೇಕು. ಅಡ್ಡಪಟ್ಟಿಯ ಬಿಗಿತ ಸಡಿಲಾಗಿ ನಡುವೆ ಕೊಳ ಕಟ್ಟಲು ಬಿಡಬಾರದು. ಗಟ್ಟಿ ಕವರಿನವರು ಗಾಡಿಯನ್ನು ಮೂತಿ ಮೇಲಾಗಿ ನಿಲ್ಲಿಸಿದರೆ ನೀರು ಕ್ಯಾಬಿನ್ ಕಡೆಯ ಮೂಲೆಗೆ ಹೋಗದೆ ಹಿಂದಕ್ಕೆ ಇಳಿಯುತ್ತದೆ.

ಹೊಸದಾಗಿ ಕವರ್ ಹಾಕಿಸುವವರಲ್ಲಿ ಒಂದು ವಿನಂತಿ. ಬೆಂಗಳೂರಿನ ಜೆ.ಸಿ. ರಸ್ತೆಯಾಗಲಿ, ನಿಮ್ಮೂರಿನ ಅಂಗಡಿಯಾಗಲಿ, ಕೀ ಕೈಗೆ ಬರುವ ಮೊದಲು ಹತ್ತು ನಿಮಿಷ ಪೈಪ್ ಹಿಡಿದು ನೀರು ಬಿಟ್ಟು ತೋರಿಸಿ ಎಂದು ಕೇಳಿ. ಬಾಕಿ ಹಣವನ್ನು ಡೆಕ್ ತೆರೆದು ನೋಡಿದ ಮೇಲೆ ಕೊಡಿ.